ಚಿಟ್ಟೆ ಬೇಕು, ಹುಳು ಬೇಡ ಎಂದರೆ ಹೇಗೆ?

ತುಮಕೂರಿನ ಕಡೆಯವರಿಗೆ ದೇವರಾಯನದುರ್ಗ ಹೊಸದೇನಲ್ಲ. ಹರಕೆ ತೀರಿಸಲು ಒಮ್ಮೆ, ರಥೋತ್ಸವಕ್ಕೆ ಒಮ್ಮೆ, ಬೆಂಗಳೂರಿನ ನೆಂಟರು ಬಂದಾಗ ಅವರನ್ನು ಕರೆದುಕೊಂಡು ಒಮ್ಮೆ, ಹೀಗೆ ಹತ್ತಾರು ಸಲ ಹೋಗಿ ಬಂದಿರುತ್ತೇವೆ. ಕೆಳಗೆ ಭೋಗಾನರಸಿಂಹ, ಮೇಲೆ ಯೋಗಾನರಸಿಂಹ, ದಾರಿಯಲ್ಲಿ ನಾಮದ ಚಿಲುಮೆ. ಕೈಮುಗಿದು, ಜಿಂಕೆಗಳನ್ನು ನೋಡಿ, ಮರದ ನೆರಳಿನಲ್ಲಿ ಬುತ್ತಿ ಬಿಚ್ಚಿ ಚಿತ್ರಾನ್ನ ತಿಂದು ಸಂಜೆಗೆ ಮನೆ ಸೇರುವುದು ರೂಢಿ. ಚಿಲುಮೆಗೂ ದುರ್ಗಕ್ಕೂ ನಡುವಿನ ರಸ್ತೆಯನ್ನು ಬಸ್ಸಿನ ಕಿಟಕಿಯಿಂದ ನೋಡಿದವರೇ ಹೆಚ್ಚು. ನಡೆದು ನೋಡಿದವರು ಕಡಿಮೆ.

ದಸರಾ ರಜೆ ಮುಗಿದ ಮೇಲಿನ ಒಂದು ಭಾನುವಾರ ನಾವು ಆ ರಸ್ತೆಯನ್ನು ನಡೆದೆವು. ನಾವು ಎಂದರೆ ನಾನು, ನಮ್ಮ ಶಾಲೆಯ ಒಂಬತ್ತನೇ ತರಗತಿಯ ಎಂಟು ಮಕ್ಕಳು ಮತ್ತು ಒಬ್ಬ ಹುಡುಗನ ತಂದೆ. ಮಗನನ್ನು ಒಬ್ಬನೇ ಕಳುಹಿಸಲು ಅವರಿಗೆ ಧೈರ್ಯ ಸಾಲದೆ ತಾವೂ ಬಂದಿದ್ದರು. ಟೆಂಪೊದಿಂದ ಇಳಿಯುತ್ತಲೇ ನನ್ನನ್ನು ಪಕ್ಕಕ್ಕೆ ಕರೆದು ಕೇಳಿದರು: "ಮೇಷ್ಟ್ರೇ, ತಪ್ಪು ತಿಳ್ಕೋಬೇಡಿ. ಮುಂದಿನ ವರ್ಷ ಎಸ್ಸೆಸ್ಸೆಲ್ಸಿ. ಭಾನುವಾರ ಟ್ಯೂಷನ್ ಬಿಡಿಸಿ ಕರ್ಕೊಂಡು ಬಂದಿದೀನಿ. ಈ ಚಿಟ್ಟೆ ನೋಡೋದ್ರಿಂದ ಎಷ್ಟು ಮಾರ್ಕ್ಸ್ ಬರುತ್ತೆ?"

"ಬರೋದಿಲ್ಲ" ಎಂದೆ. ಅವರು ನಕ್ಕರು. ಆದರೆ ಆ ಪ್ರಶ್ನೆ ಇಡೀ ದಿನ ನನ್ನ ಜೊತೆಯಲ್ಲೇ ನಡೆಯಿತು.

ನಾಮದ ಚಿಲುಮೆಯ ಕಥೆ ಎಲ್ಲರಿಗೂ ಗೊತ್ತು. ವನವಾಸದಲ್ಲಿದ್ದ ಶ್ರೀರಾಮ ಹಣೆಗೆ ನಾಮ ತಿದ್ದಿಕೊಳ್ಳಲು ನೀರು ಕಾಣದೆ ಬಂಡೆಗೆ ಬಾಣ ಬಿಟ್ಟ, ಅಲ್ಲಿ ಚಿಲುಮೆ ಉಕ್ಕಿತು ಎನ್ನುತ್ತಾರೆ. ಬೆಟ್ಟದ ಮೇಲೆ ಬಿದ್ದ ಮಳೆ ಕಲ್ಲಿನ ಬಿರುಕುಗಳಲ್ಲಿ ಇಳಿದು, ಕೆಳಗೆ ದಾರಿ ಸಿಕ್ಕಲ್ಲಿ ಹೊರಬರುತ್ತದೆ ಎನ್ನುವುದು ಭೂವಿಜ್ಞಾನದ ಮಾತು. ಮಕ್ಕಳಿಗೆ ನಾನು ಎರಡನ್ನೂ ಹೇಳುತ್ತೇನೆ. ಇದೇ ಬೆಟ್ಟಸಾಲಿನಲ್ಲಿ ಶಿಂಷಾ ಹುಟ್ಟಿ ಕಾವೇರಿಯನ್ನು ಸೇರುತ್ತದೆ. ಜಯಮಂಗಲಿ ಹುಟ್ಟಿ ಉತ್ತರ ಪಿನಾಕಿನಿಯ ಕಡೆಗೆ ಹರಿಯುತ್ತದೆ. ಒಂದೇ ಸಾಲಿನ ಮಳೆನೀರು ಎರಡು ಬೇರೆ ಬೇರೆ ನದಿಗಳ ಪಾಲಾಗುವ ಜಾಗ ಇದು ಎಂದರೆ ನಮ್ಮ ಮಕ್ಕಳೇ ನಂಬುವುದಿಲ್ಲ.

ನಾವು ತಲುಪಿದಾಗ ಬೆಳಿಗ್ಗೆ ಏಳೂಕಾಲು. ಗಿಡಗಳ ಮೇಲೆ ಇಬ್ಬನಿ. ಮಕ್ಕಳು ನೋಟ್‌ಬುಕ್ ಹಿಡಿದು ಕಾದೇ ಕಾದರು. ಒಂದೂ ಚಿಟ್ಟೆಯಿಲ್ಲ.

"ಇಲ್ಲಿ ಚಿಟ್ಟೆನೇ ಇಲ್ಲ ಸಾರ್" ಎಂದ ಒಬ್ಬ.

"ಇವೆ ಕಣೋ, ಇನ್ನೂ ಎದ್ದಿಲ್ಲ" ಎಂದೆ.

ತಮಾಷೆಗೆ ಹೇಳಿದ ಮಾತಲ್ಲ ಅದು. ಚಿಟ್ಟೆ ನಮ್ಮಂತೆ ತನ್ನ ಮೈಯ ಶಾಖವನ್ನು ತಾನೇ ಸದಾ ಕಾಯ್ದುಕೊಳ್ಳುವ ಜೀವಿಯಲ್ಲ. ಬಿಸಿಲಿಗೆ ರೆಕ್ಕೆ ಹರಡಿ ಮೈ ಕಾಯಿಸಿಕೊಂಡ ಮೇಲಷ್ಟೇ ಅದರ ಹಾರಾಟದ ಸ್ನಾಯುಗಳು ಚೆನ್ನಾಗಿ ಕೆಲಸ ಮಾಡುತ್ತವೆ. ಹಕ್ಕಿ ನೋಡಬೇಕೆನ್ನುವವನು ನಸುಕಿನಲ್ಲೇ ಏಳಬೇಕು; ಚಿಟ್ಟೆ ನೋಡಬೇಕೆನ್ನುವವನು ತಿಂಡಿ ಮುಗಿಸಿಕೊಂಡೇ ಹೊರಡಬಹುದು. ನಾವೂ ಹಾಗೇ ಮಾಡಿದೆವು. ಇಡ್ಲಿ ಚಟ್ನಿ ಮುಗಿಯುವ ಹೊತ್ತಿಗೆ ಬಿಸಿಲು ರಸ್ತೆಗೆ ಇಳಿದಿತ್ತು. ಎಂಟೂವರೆಯ ಸುಮಾರಿಗೆ ಮೊದಲನೆಯದು ಬಂತು, ಹಿಂದೆಯೇ ಐದಾರು. ಒಂಬತ್ತಕ್ಕೆ ಲೆಕ್ಕ ಇಡುವುದು ಕಷ್ಟವಾಯಿತು.

ಮಕ್ಕಳಿಗೆ ಎರಡು ನಿಯಮ ಹೇಳಿದ್ದೆ. ಒಂದು, ಯಾರೂ ಚಿಟ್ಟೆಯನ್ನು ಹಿಡಿಯಬಾರದು. ಅದರ ರೆಕ್ಕೆಯ ಬಣ್ಣವೆಲ್ಲ ಹೆಂಚು ಹೊದಿಸಿದಂತೆ ಸಾಲಾಗಿ ಕೂತ ಸಣ್ಣ ಸಣ್ಣ ಹುರುಪೆಗಳಿಂದ ಬಂದದ್ದು. ಬೆರಳಿಗೆ ಅಂಟುವ ಪುಡಿ ಅದೇ. ಒಮ್ಮೆ ಉದುರಿದರೆ ಮತ್ತೆ ಬೆಳೆಯುವುದಿಲ್ಲ. ಎರಡು, ಯಾರೂ ರಸ್ತೆ ಬಿಟ್ಟು ಕಾಡಿನೊಳಗೆ ನುಗ್ಗಬಾರದು. ಅದು ಅರಣ್ಯ ಇಲಾಖೆಯ ಕಾಡು. ಚಿರತೆ, ಕರಡಿ ಇರುವ ಜಾಗ. ಚಿಟ್ಟೆಗೆ ಕಾಡಿನ ಒಳಭಾಗಕ್ಕಿಂತ ಬಿಸಿಲು ಬೀಳುವ ಅಂಚೇ ಹೆಚ್ಚು ಇಷ್ಟ. ಹಾಗಾಗಿ ನಮಗೇನೂ ನಷ್ಟವಿರಲಿಲ್ಲ.

ಕೆಸರಿನಲ್ಲಿ ಸಭೆ

ಚಿಲುಮೆಯಿಂದ ಸ್ವಲ್ಪ ಮುಂದೆ ರಸ್ತೆಯ ಪಕ್ಕ ಮಳೆನೀರು ನಿಂತು ಒಣಗುತ್ತಿದ್ದ ಒಂದು ತಗ್ಗಿತ್ತು. ಅದರ ಅಂಚಿನ ಹಸಿ ಮಣ್ಣಿನ ಮೇಲೆ ಇಪ್ಪತ್ತು ಮೂವತ್ತು ಚಿಟ್ಟೆಗಳು ಸಭೆ ಸೇರಿದ್ದವು. ತಿಳಿ ಹಸಿರು ಮಿಶ್ರಿತ ಬಿಳಿಯ ಕಾಮನ್ ಎಮಿಗ್ರೆಂಟ್, ಅರಿಶಿನದ ಚೂರಿನಂತಹ ಗ್ರಾಸ್ ಯೆಲ್ಲೋ, ಕಪ್ಪು ಹಳದಿ ಚಿತ್ತಾರದ ಲೈಮ್ ಬಟರ್‌ಫ್ಲೈ. ಪಕ್ಕದಲ್ಲಿ ಕಾಲು ರೂಪಾಯಿ ನಾಣ್ಯಕ್ಕಿಂತಲೂ ಚಿಕ್ಕ ನೀಲಿ ಚಿಟ್ಟೆಗಳು.

"ನೀರು ಕುಡೀತಾ ಇವೆ" ಎಂದರು ಮಕ್ಕಳು. ನೀರು ನಿಜ, ಆದರೆ ಅವಕ್ಕೆ ಬೇಕಾದದ್ದು ನೀರಿನಲ್ಲಿ ಕರಗಿರುವ ಉಪ್ಪು. ಹೂವಿನ ಮಕರಂದದಲ್ಲಿ ಸಕ್ಕರೆ ಧಾರಾಳವಾಗಿದೆ, ಸೋಡಿಯಂ ಇಲ್ಲವೆನ್ನುವಷ್ಟು ಕಡಿಮೆ. ಅದನ್ನು ಹಸಿ ಮಣ್ಣಿನಿಂದ, ಸಗಣಿಯಿಂದ, ದನದ ಗಂಜಲ ಬಿದ್ದ ಜಾಗದಿಂದ ಹೀರಿಕೊಳ್ಳುತ್ತವೆ. ಹೀಗೆ ಸೇರುವವುಗಳಲ್ಲಿ ಬಹುಪಾಲು ಗಂಡು. ಕೂಡಿಸಿಟ್ಟ ಲವಣವನ್ನು ಕೂಡುವಾಗ ಹೆಣ್ಣಿಗೆ ಕೊಡುತ್ತವೆ. ಅದು ಮೊಟ್ಟೆಗಳ ಪಾಲಿಗೆ ಹೋಗುತ್ತದೆ. ಹೂವಿನ ಮೇಲೆ ಕೂತ ಚಿಟ್ಟೆಯ ಚಿತ್ರ ನಾವು ಬೇಕಾದಷ್ಟು ನೋಡಿದ್ದೇವೆ. ಸಗಣಿಯ ಮೇಲೆ ಕೂತ ಚಿಟ್ಟೆಯ ಚಿತ್ರವನ್ನು ಯಾವ ಕ್ಯಾಲೆಂಡರೂ ಅಚ್ಚು ಹಾಕುವುದಿಲ್ಲ.

ಎಕ್ಕದ ಗಿಡದ ಮುಂದೆ

ಇನ್ನಷ್ಟು ಮುಂದೆ ಹೋದರೆ ರಸ್ತೆಯ ಬದಿಯಲ್ಲಿ ಎಕ್ಕದ ಗಿಡಗಳ ಒಂದು ಗುಂಪು. ಅಲ್ಲಿ ಕಿತ್ತಳೆ ಬಣ್ಣದ, ರೆಕ್ಕೆಯ ತುದಿಗೆ ಕಪ್ಪು ಬಿಳುಪಿನ ಅಂಚುಳ್ಳ ಒಂದು ಚಿಟ್ಟೆ ನಿಧಾನವಾಗಿ ಸುತ್ತುತ್ತಿತ್ತು. ಪ್ಲೇನ್ ಟೈಗರ್. ಅದು ಹೂವಿನ ಕಡೆ ನೋಡಲಿಲ್ಲ. ಒಂದೊಂದು ಎಲೆಯ ಮೇಲೂ ಇಳಿದು, ಕಾಲಿನಿಂದ ತಟ್ಟಿ ನೋಡಿ ಮುಂದೆ ಹೋಗುತ್ತಿತ್ತು. ಚಿಟ್ಟೆಗೆ ರುಚಿ ತಿಳಿಯುವ ಅಂಗಗಳು ಕಾಲಿನಲ್ಲೂ ಇವೆ. ಎಲೆ ಯಾವ ಗಿಡದ್ದು ಎಂದು ಹೆಣ್ಣು ಹೀಗೆ ಪರೀಕ್ಷಿಸುತ್ತದೆ. ಕೊನೆಗೆ ಒಂದು ಎಳೆ ಎಲೆಯ ಅಡಿಗೆ ಹೊಟ್ಟೆ ಬಾಗಿಸಿ ಒಂದೇ ಒಂದು ಮೊಟ್ಟೆ ಇಟ್ಟು ಹಾರಿತು. ರಾಗಿ ಕಾಳಿಗಿಂತಲೂ ಚಿಕ್ಕದು, ಬೆಳ್ಳಗೆ.

ಪಕ್ಕದ ಗಿಡದಲ್ಲಿ ಅದರ ಹುಳುಗಳೂ ಇದ್ದವು. ಕಪ್ಪು, ಬಿಳಿ, ಹಳದಿ ಪಟ್ಟೆಗಳು. ಬೆನ್ನ ಮೇಲೆ ಮೂರು ಜೊತೆ ಕಪ್ಪು ಎಳೆಗಳು. ಇಷ್ಟೊಂದು ಬಣ್ಣ ಹಚ್ಚಿಕೊಂಡು ಬಟ್ಟ ಬಯಲಲ್ಲಿ ಕೂತರೂ ಹಕ್ಕಿಗಳು ಮುಟ್ಟುವುದಿಲ್ಲವೇಕೆ? ಎಕ್ಕದ ಹಾಲಿನಲ್ಲಿ ಹೃದಯದ ಬಡಿತವನ್ನೇ ಏರುಪೇರು ಮಾಡುವ ವಿಷವಿದೆ. ಈ ಹುಳು ಆ ಎಲೆಯನ್ನೇ ತಿಂದು ಆ ಕಹಿಯನ್ನು ತನ್ನ ಮೈಯಲ್ಲಿ ಉಳಿಸಿಕೊಳ್ಳುತ್ತದೆ. ಒಮ್ಮೆ ತಿಂದು ವಾಂತಿ ಮಾಡಿಕೊಂಡ ಹಕ್ಕಿ ಆ ಬಣ್ಣವನ್ನು ಮರೆಯುವುದಿಲ್ಲ. (ಪೋಷಕರಿಗೆ ಒಂದು ಮಾತು: ಎಕ್ಕದ ಎಲೆ ಮುರಿದಾಗ ಬರುವ ಹಾಲು ಕಣ್ಣಿಗೆ ಬಿದ್ದರೆ ಅಪಾಯ. ಮಕ್ಕಳು ನೋಡಲಿ, ಎಲೆ ಕೀಳುವುದು ಬೇಡ.)

ಮಕ್ಕಳೆಲ್ಲ ಬಗ್ಗಿ ನೋಡುತ್ತಿದ್ದರು. ಒಬ್ಬ ಹುಡುಗಿ ಮಾತ್ರ ನನ್ನ ಮುಖ ನೋಡಿದಳು. ಯಾಕೆ ಎಂದು ನನಗೆ ಗೊತ್ತಿತ್ತು. ಅದನ್ನು ಇಲ್ಲಿ ಹೇಳಿಕೊಳ್ಳಲೇಬೇಕು.

ಹೋದ ವರ್ಷ ನಮ್ಮ ಶಾಲೆಯ ವಾರ್ಷಿಕೋತ್ಸವಕ್ಕೆ ಮುನ್ನ ಹಿಂದಿನ ಅಂಗಳವನ್ನು ಚೊಕ್ಕಟ ಮಾಡಿಸುವ ಜವಾಬ್ದಾರಿ ನನ್ನದಾಗಿತ್ತು. ಕಾಂಪೌಂಡಿನ ಮೂಲೆಯಲ್ಲಿ ಐದಾರು ಎಕ್ಕದ ಗಿಡ, ಕೆಳಗೆ ತುಂಬೆ, ಗೋಣಿಸೊಪ್ಪು, ಹೆಸರು ಗೊತ್ತಿಲ್ಲದ ಇನ್ನಷ್ಟು. ಹತ್ತು ಹುಡುಗರಿಗೆ ಕುಡುಗೋಲು, ಗುದ್ದಲಿ ಕೊಟ್ಟೆ. ಒಂದು ಗಂಟೆಯಲ್ಲಿ ನೆಲ ಬೋಳಾಯಿತು. ಮೇಲೆ ಸುಣ್ಣದ ಪುಡಿ ಎರಚಿದೆವು. ಮುಖ್ಯೋಪಾಧ್ಯಾಯರು ಭೇಷ್ ಎಂದರು. ಆಗ ಎಂಟನೇ ತರಗತಿಯಲ್ಲಿದ್ದ ಈ ಹುಡುಗಿ ಬಂದು ಕೇಳಿದಳು: "ಸಾರ್, ಆ ಗಿಡದಲ್ಲಿ ಹದಿನಾಲ್ಕು ಹುಳು ಇದ್ವು. ಅವು ಈಗ ಎಲ್ಲಿಗೆ ಹೋಗ್ತವೆ?"

ಮೂರು ವಾರದಿಂದ ಅವಳು ಊಟದ ಬಿಡುವಿನಲ್ಲಿ ಅವನ್ನು ಎಣಿಸುತ್ತಿದ್ದಳಂತೆ. ನನಗೆ ಅದು ಗೊತ್ತೇ ಇರಲಿಲ್ಲ. "ಬೇರೆ ಗಿಡಕ್ಕೆ ಹೋಗ್ತವೆ, ಹೋಗಮ್ಮ" ಎಂದುಬಿಟ್ಟೆ.

ಸುಳ್ಳು. ಎಕ್ಕದ ಎಲೆ ತಿಂದು ಬೆಳೆಯುತ್ತಿರುವ ಹುಳು ಪಕ್ಕದ ತುಳಸಿಯನ್ನೋ ದಾಸವಾಳವನ್ನೋ ತಿಂದು ಬದುಕಲಾರದು. ಅದಕ್ಕೆ ರೆಕ್ಕೆಯಿಲ್ಲ. ಸುಣ್ಣ ಎರಚಿದ ಬಯಲನ್ನು ದಾಟಿ ಇನ್ನೊಂದು ಎಕ್ಕವನ್ನು ಹುಡುಕಿಕೊಂಡು ಹೋಗುವಷ್ಟು ಶಕ್ತಿಯೂ ಇಲ್ಲ. ಇದು ನನಗೆ ಗೊತ್ತಿರಬೇಕಿತ್ತು. ಇಪ್ಪತ್ತೈದು ವರ್ಷಗಳಿಂದ ಕಪ್ಪುಹಲಗೆಯ ಮೇಲೆ ಚಿಟ್ಟೆಯ ಜೀವನಚಕ್ರದ ಚಿತ್ರ ಬರೆದವನು ನಾನು. ಮೊಟ್ಟೆ, ಲಾರ್ವಾ, ಪ್ಯೂಪಾ, ಚಿಟ್ಟೆ. ನಡುವೆ ನಾಲ್ಕು ಬಾಣದ ಗುರುತು. ಮಕ್ಕಳು ಅದನ್ನು ಅಂದವಾಗಿ ಬರೆದು ಪೂರ್ಣ ಅಂಕ ಪಡೆದಿದ್ದಾರೆ. ಬಿ.ಎಸ್ಸಿ. ಓದುವಾಗ ಜಿರಲೆಯನ್ನು ಕೊಯ್ದು ಅದರ ಭಾಗಗಳನ್ನೆಲ್ಲ ಬಾಯಿಪಾಠ ಒಪ್ಪಿಸಿದ ನನಗೆ, ಆ ಚಿತ್ರದಲ್ಲಿ ಏನೋ ಒಂದು ಬಿಟ್ಟುಹೋಗಿದೆ ಎಂದು ಒಮ್ಮೆಯೂ ಅನಿಸಿರಲಿಲ್ಲ. ಬಿಟ್ಟುಹೋದದ್ದು ಎಲೆ. ಎಲೆಯಿಲ್ಲದೆ ಆ ಚಕ್ರ ಉರುಳುವುದಿಲ್ಲ.

ಅಂದಿನಿಂದ ಪುಸ್ತಕ ಹುಡುಕಿ ಓದತೊಡಗಿದೆ. ಕೃಷ್ಣಮೇಘ ಕುಂಟೆಯವರು ದಕ್ಷಿಣ ಭಾರತದ ಚಿಟ್ಟೆಗಳ ಬಗ್ಗೆ 2000ದಲ್ಲಿ ಪ್ರಕಟಿಸಿದ ಕೈಪಿಡಿ ನನ್ನ ಚೀಲದಲ್ಲೇ ಇರುತ್ತದೆ. ಮೊದಲು ಚಿಟ್ಟೆಯ ಹಿಂದೆ ಓಡುತ್ತಿದ್ದೆ. ಈಗ ಗಿಡದ ಪಕ್ಕ ನಿಲ್ಲುತ್ತೇನೆ.

ವೇಷಧಾರಿಗಳು

ಎಕ್ಕದ ಗುಂಪನ್ನು ದಾಟಿ ಸ್ವಲ್ಪ ಹೊತ್ತಿಗೆ ಮತ್ತೊಂದು ಕಿತ್ತಳೆ ಬಣ್ಣದ ಚಿಟ್ಟೆ ನೆಲಮಟ್ಟದಲ್ಲಿ ಹಾರಿ ಬಂತು. "ಅದೇ ಸಾರ್, ಪ್ಲೇನ್ ಟೈಗರ್" ಎಂದ ಹುಡುಗ. ಅದು ರೆಕ್ಕೆ ಹರಡಿ ಕೂತಾಗ ಆ ಹುಡುಗಿ ತಲೆ ಆಡಿಸಿದಳು. "ಅಲ್ಲ ಸಾರ್. ಅದಕ್ಕೆ ಹಿಂದಿನ ರೆಕ್ಕೆ ಮಧ್ಯದಲ್ಲಿ ಮೂರು ನಾಲ್ಕು ಕಪ್ಪು ಚುಕ್ಕಿ ಇತ್ತು. ಇದಕ್ಕೆ ಮೇಲೆ ಒಂದೇ ಇದೆ."

ಅವಳು ಹೇಳಿದ್ದೇ ಸರಿ. ಅದು ಡನೈಡ್ ಎಗ್‌ಫ್ಲೈ ಎಂಬ ಬೇರೆಯೇ ಜಾತಿಯ ಹೆಣ್ಣು. ಇದರ ಗಂಡು ಕಪ್ಪು. ರೆಕ್ಕೆಗಳ ಮೇಲೆ ನೀಲಿ ಮಿನುಗಿನ ಅಂಚಿರುವ ದೊಡ್ಡ ಬಿಳಿ ಮಚ್ಚೆ. ಹೆಣ್ಣು ಮಾತ್ರ ಕಹಿಯಾದ ಪ್ಲೇನ್ ಟೈಗರ್‌ನ ವೇಷ ಹಾಕಿಕೊಂಡು ಹಕ್ಕಿಗಳನ್ನು ಏಮಾರಿಸುತ್ತದೆ. ಹೀಗೆ ತಿನ್ನಬಹುದಾದದ್ದು ತಿನ್ನಲಾಗದ್ದರ ರೂಪ ತಾಳುವುದನ್ನು ವಿವರಿಸಿದವರು ಇಂಗ್ಲೆಂಡಿನ ಹೆನ್ರಿ ಬೇಟ್ಸ್. ಅಮೆಜಾನ್ ಕಾಡುಗಳಲ್ಲಿ ಹನ್ನೊಂದು ವರ್ಷ ಅಲೆದು, 1862ರಲ್ಲಿ ಪ್ರಬಂಧ ಪ್ರಕಟಿಸಿದರು. ಬೇಟ್ಸ್ ಮಾಡಿದ್ದೂ ಈ ಹುಡುಗಿ ಮಾಡಿದ್ದೂ ಮೂಲದಲ್ಲಿ ಒಂದೇ ಕೆಲಸ: ಒಂದೇ ಥರ ಕಾಣುವ ಎರಡನ್ನು ಪಕ್ಕಪಕ್ಕ ಇಟ್ಟು ನೋಡುವುದು.

ಈ ಎಗ್‌ಫ್ಲೈ ಮೊಟ್ಟೆ ಇಡುವ ಗಿಡಗಳಲ್ಲಿ ಮುಖ್ಯವಾದದ್ದು ಯಾವುದು ಗೊತ್ತೆ? ಗೋಣಿಸೊಪ್ಪು. ನಮ್ಮ ಅಜ್ಜಿಯರು ಬೇಳೆಗೆ ಹಾಕಿ ಹುಳಿ ಮಾಡುತ್ತಿದ್ದ ಸೊಪ್ಪು. ನಾನು ಕಳೆಯೆಂದು ಕೀಳಿಸಿದ ಸೊಪ್ಪು.

ಬೇಲಿಯ ಮೇಲೆ ಹಬ್ಬಿದ್ದ ಒಂದು ಬಳ್ಳಿಯನ್ನು ತೋರಿಸಿದೆ. ಈಶ್ವರಿ ಬಳ್ಳಿ. ಹಳ್ಳಿಗಳಲ್ಲಿ ಇದನ್ನು ಔಷಧಿಗೆಂದು ಹುಡುಕಿ ಬೇರುಸಹಿತ ಕೀಳುವವರಿದ್ದಾರೆ. ಕಾಮನ್ ರೋಸ್, ಕ್ರಿಮ್ಸನ್ ರೋಸ್ ಎಂಬ ಎರಡು ಚೆಲುವಾದ ಕಪ್ಪು ಕೆಂಪು ಚಿಟ್ಟೆಗಳ ಹುಳುಗಳಿಗೆ ಈ ಬಳ್ಳಿಯ ಜಾತಿಯೇ ಆಹಾರ. ಕರ್ನಾಟಕದ ರಾಜ್ಯ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್, ಅಂಗೈ ಅಗಲಕ್ಕಿಂತ ದೊಡ್ಡ ಆ ಹಳದಿ ಕಪ್ಪು ಚಿಟ್ಟೆ, ಅದರ ಹುಳು ಬೆಳೆಯುವುದೂ ಇದೇ ಕುಲದ ಬಳ್ಳಿಗಳ ಮೇಲೆ. ಬಳ್ಳಿ ಹೋದ ಊರಿನಿಂದ ಚಿಟ್ಟೆಯೂ ಹೋಗುತ್ತದೆ. ಎಷ್ಟೇ ಹೂಗಿಡ ಬೆಳೆಸಿದರೂ ಅದು ಬಂದು ಹೋದೀತು, ನೆಲೆಸಲಾರದು.

ಈ ಎರಡು ರೋಸ್‌ಗಳಿಗೂ ವೇಷಧಾರಿಯೊಂದಿದೆ: ಕಾಮನ್ ಮಾರ್ಮನ್. ಇದರ ಗಂಡು ಕಪ್ಪು, ಹಿಂದಿನ ರೆಕ್ಕೆಗೆ ಅಡ್ಡಲಾಗಿ ಬಿಳಿ ಮಚ್ಚೆಗಳ ಸಾಲು. ಹೆಣ್ಣಿನಲ್ಲಿ ಮೂರು ಬಗೆ: ಕೆಲವು ಗಂಡಿನ ಹಾಗೆಯೇ, ಕೆಲವು ಕಾಮನ್ ರೋಸ್ ಹಾಗೆ, ಇನ್ನು ಕೆಲವು ಕ್ರಿಮ್ಸನ್ ರೋಸ್ ಹಾಗೆ. ಒಂದೇ ತಾಯಿಯ ಮೊಟ್ಟೆಗಳಿಂದ ಬೇರೆ ಬೇರೆ ವೇಷದ ಹೆಣ್ಣುಗಳು ಬರಬಹುದು. ಇದೆಲ್ಲದರ ಹಿಂದೆ 'ಡಬಲ್‌ಸೆಕ್ಸ್' ಎಂಬ ಒಂದೇ ಜೀನು ಇದೆ ಎಂದು ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಕುಂಟೆ ಮತ್ತು ಅವರ ಸಹಸಂಶೋಧಕರು 2014ರಲ್ಲಿ ತೋರಿಸಿದರು. ಅಷ್ಟು ದೊಡ್ಡ ಸಂಶೋಧನೆಗೆ ವಸ್ತುವಾದ ಈ ಚಿಟ್ಟೆ ಎಲ್ಲಿ ಹುಟ್ಟುತ್ತದೆ? ನಮ್ಮ ನಿಮ್ಮ ಹಿತ್ತಿಲ ಕರಿಬೇವಿನ ಗಿಡದಲ್ಲಿ, ನಿಂಬೆ ಗಿಡದಲ್ಲಿ.

"ಮೊದಮೊದಲು ಇದರ ಹುಳು ಹಕ್ಕಿ ಹಿಕ್ಕೆ ಹಾಕಿದ ಹಾಗೆ ಕಾಣುತ್ತೆ. ಕಪ್ಪು ಮೈ, ಮಧ್ಯೆ ಬಿಳಿ. ದೊಡ್ಡದಾದ ಮೇಲೆ ಹಸಿರು. ಮುಟ್ಟಿದರೆ ತಲೆಯ ಹಿಂದಿನಿಂದ ಕೆಂಪು ಕವಲು ನಾಲಿಗೆಯಂಥದ್ದನ್ನು ಹೊರಹಾಕಿ ವಾಸನೆ ಬಿಡುತ್ತೆ" ಎಂದೆ.

ಅಷ್ಟು ಹೊತ್ತು ಸುಮ್ಮನಿದ್ದ ಆ ತಂದೆ ಮೆಲ್ಲಗೆ ಹೇಳಿದರು: "ಅಯ್ಯೋ ಮೇಷ್ಟ್ರೇ, ನಮ್ಮನೆ ಕರಿಬೇವಿಗೆ ಹೋದ ವಾರ ತಾನೇ ಔಷಧಿ ಹೊಡೆದೆ. ಅದೇ ಹುಳು. ಏನೋ ರೋಗ ಬಂದಿದೆ ಅಂದ್ಕೊಂಡಿದ್ದೆ."

ಮಗ ಅಪ್ಪನ ಮುಖ ನೋಡಿದ. ನಾನು ಬುದ್ಧಿ ಹೇಳಲು ಹೋಗಲಿಲ್ಲ. ಹೇಳುವ ಯೋಗ್ಯತೆ ನನಗೆಲ್ಲಿತ್ತು? ನಮ್ಮ ಅಂಗಳದ ಕಥೆ ಹೇಳಿದೆ. ಅವರು ಸ್ವಲ್ಪ ಹೊತ್ತು ಬಿಟ್ಟು ಕೇಳಿದರು: "ಹಂಗಾದ್ರೆ ಗಿಡ ಉಳಿಯುತ್ತಾ?"

ನ್ಯಾಯವಾದ ಪ್ರಶ್ನೆ. ಎಳೆ ಸಸಿಯಾದರೆ ಹುಳುಗಳು ಬೋಳು ಮಾಡಿಬಿಡಬಹುದು. ನಿಂಬೆ ತೋಟವನ್ನೇ ನಂಬಿದ ರೈತನಿಗೆ ಹುಳು ಬಿಡಿ ಎಂದು ಹೇಳುವುದು ಸುಲಭವಲ್ಲ. ಆದರೆ ಆಳೆತ್ತರ ಬೆಳೆದ ಹಿತ್ತಿಲ ಕರಿಬೇವಿಗೆ ಹತ್ತು ಹುಳು ಒಂದು ಹೊರೆಯಲ್ಲ, ಮತ್ತೆ ಚಿಗುರುತ್ತದೆ. ಅದರ ಮೇಲೆ, ವಿಷ ಹೊಡೆದ ಗಿಡದ ಎಸಳನ್ನೇ ತಾನೇ ನಾವು ನಾಳೆ ಒಗ್ಗರಣೆಗೆ ಹಾಕುವುದು? "ಅದೂ ಹೌದು" ಎಂದರು ಅವರು.

ಹೋಟೆಲ್ ಇದೆ, ಮನೆಯಿಲ್ಲ

ದುರ್ಗದ ಬುಡ ಹತ್ತಿರವಾದಂತೆ ರಸ್ತೆಯ ಎರಡೂ ಬದಿ ಲಂಟಾನದ ಪೊದೆ. ಹೂಗೊಂಚಲುಗಳ ಮೇಲೆ ಚಿಟ್ಟೆಗಳ ಜಾತ್ರೆ. ಮಕ್ಕಳಿಗೆ ಇದೇ ಎಲ್ಲಕ್ಕಿಂತ ಒಳ್ಳೆಯ ಗಿಡ ಎನಿಸಿತು. "ಇಲ್ಲಿ ಹುಳು ಹುಡುಕಿ" ಎಂದೆ. ಹತ್ತು ನಿಮಿಷ ಎಲೆ ತಿರುವಿ ನೋಡಿದರು. ಎಕ್ಕದಲ್ಲಿ ಕಂಡಂತಹ ಒಂದು ಹುಳುವೂ ಸಿಗಲಿಲ್ಲ.

ಲಂಟಾನ ಅಮೆರಿಕ ಖಂಡದ ಗಿಡ. ಅಲಂಕಾರಕ್ಕೆಂದು ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಭಾರತಕ್ಕೆ ತಂದದ್ದು ಇಂದು ನಮ್ಮ ಕಾಡುಗಳ ಕೆಳಹಂತವನ್ನು ನುಂಗುತ್ತಿದೆ. ಅದರ ಹೂವಿನಲ್ಲಿ ಮಕರಂದ ಧಾರಾಳ, ಆದರೆ ನಮ್ಮ ಚಿಟ್ಟೆಗಳ ಮರಿಗಳಿಗೆ ಅದರ ಎಲೆ ಉಪಯೋಗವಿಲ್ಲ. ಅದು ಹಬ್ಬಿದಂತೆ ಹುಲ್ಲು, ಬಳ್ಳಿ, ಸಣ್ಣ ಗಿಡಗಳಿಗೆ ಜಾಗ ತಪ್ಪುತ್ತದೆ. ಊರಿನಲ್ಲಿ ಹೋಟೆಲ್ ಮಾತ್ರ ಉಳಿದು ಮನೆಗಳೆಲ್ಲ ಹೋದಂತೆ. ಹೂವಿನ ಮೇಲೆ ಚಿಟ್ಟೆ ಕಂಡ ಮಾತ್ರಕ್ಕೆ ಎಲ್ಲ ಸರಿಯಾಗಿದೆ ಎನ್ನಲಾಗದು.

ಬಂಡೆಗಳ ನಡುವೆ ನೆರಳಿದ್ದ ಒಂದು ಕೊರಕಲಿನ ಬಳಿ ಎಲ್ಲರೂ ಸುಮ್ಮನೆ ನಿಂತುಬಿಟ್ಟರು. ಒಂದು ಒಣಗಿದ ಗಿಡ. ಕಾಯಿ ಅಲುಗಿಸಿದರೆ ಗಿಲಕಿಯಂತೆ ಸದ್ದು ಮಾಡುತ್ತದಲ್ಲ, ಆ ಗಿಡ. ಅದಕ್ಕೆ ಎಲೆಗಳ ಬದಲು ಚಿಟ್ಟೆಗಳೇ ನೇತುಬಿದ್ದಿದ್ದವು. ಕಪ್ಪು ಮೈಮೇಲೆ ತಿಳಿನೀಲಿ ಗೀರುಗಳ ಬ್ಲೂ ಟೈಗರ್, ಕಂದುಗಪ್ಪಿನ ಕಾಮನ್ ಕ್ರೋ. ಎಣಿಸಲು ಹೊರಟ ಹುಡುಗ ನೂರಿಪ್ಪತ್ತಕ್ಕೆ ಕೈಬಿಟ್ಟ. ಈ ಗುಂಪಿನ ಗಂಡುಗಳು ಒಣಗಿದ ಕಾಂಡ, ಕಾಯಿಗಳಿಂದ ಒಂದು ಬಗೆಯ ಕಹಿ ರಸಾಯನವನ್ನು ಹೀರಿ, ಹೆಣ್ಣನ್ನು ಒಲಿಸುವ ಪರಿಮಳವನ್ನು ತಯಾರಿಸಿಕೊಳ್ಳುತ್ತವೆ.

ಇವು ಇಲ್ಲಿಯೇ ಹುಟ್ಟಿದವು ಎಂದೇನೂ ಇಲ್ಲ. ಮುಂಗಾರಿನ ಜಡಿಮಳೆ ಹಿಡಿಯುವ ಮುನ್ನ ಈ ಜಾತಿಯ ಚಿಟ್ಟೆಗಳು ಲಕ್ಷಗಟ್ಟಲೆಯಾಗಿ ಪಶ್ಚಿಮ ಘಟ್ಟಗಳನ್ನು ಬಿಟ್ಟು ಪೂರ್ವದ ಬಯಲಿನತ್ತ ಬರುತ್ತವೆ; ಮಳೆ ಮುಗಿದ ಮೇಲೆ, ಅಕ್ಟೋಬರ್ ನವೆಂಬರ್ ಹೊತ್ತಿಗೆ, ಮತ್ತೆ ಪಶ್ಚಿಮಕ್ಕೆ ಹೊರಡುತ್ತವೆ. ಒಂದು ಗ್ರಾಮಿನಷ್ಟೂ ತೂಕವಿಲ್ಲದ ಜೀವ ಜಿಲ್ಲೆಗಳನ್ನೇ ದಾಟುತ್ತದೆ. ದಾರಿಯುದ್ದಕ್ಕೂ ಅದಕ್ಕೆ ನೆರಳು, ನೀರು, ಗಿಡ ಬೇಕು. ಘಟ್ಟದ ಕಾಡನ್ನು ಕಾಪಾಡಿದರೆ ಸಾಲದು. ನಡುವೆ ಇಂತಹ ಒಂದು ಗುಡ್ಡ, ಒಂದು ಕೊರಕಲು, ಒಂದು ಬೇಲಿಯೂ ಉಳಿಯಬೇಕು. ಬೇಸಿಗೆಯಲ್ಲಿ ಈ ಗುಡ್ಡಗಳ ಒಣಹುಲ್ಲಿಗೆ ಯಾರೋ ಎಸೆದ ಬೀಡಿಯಿಂದಲೋ, ಬೇಕೆಂದೇ ಇಟ್ಟ ಕಿಡಿಯಿಂದಲೋ ಬೆಂಕಿ ಬೀಳುತ್ತದೆ. ರೆಕ್ಕೆಯಿದ್ದದ್ದು ಹಾರಿಹೋದೀತು. ಮೊಟ್ಟೆ, ಹುಳು, ಕೋಶ ಎಲ್ಲಿಗೆ ಹೋಗಬೇಕು? ಮತ್ತೆ ಅದೇ ಹುಡುಗಿಯ ಪ್ರಶ್ನೆ.

ಹನ್ನೆರಡರ ಹೊತ್ತಿಗೆ ಭೋಗಾನರಸಿಂಹನ ಗುಡಿ ಸೇರಿದೆವು. ನೋಟ್‌ಬುಕ್‌ಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಇಪ್ಪತ್ತಾರು ಬಗೆಯ ಚಿಟ್ಟೆ. ಭಾರತದಲ್ಲಿ 1,300ಕ್ಕೂ ಹೆಚ್ಚು ಬಗೆಗಳಿವೆ. ಪಶ್ಚಿಮ ಘಟ್ಟಗಳಲ್ಲೇ 330ಕ್ಕೂ ಹೆಚ್ಚು. ಅದರ ಮುಂದೆ ನಮ್ಮದು ಬಹಳ ಸಣ್ಣ ಪಟ್ಟಿ. ಆದರೆ ಹನ್ನೊಂದರ ಮುಂದೆ ಮಕ್ಕಳು ಗಿಡದ ಹೆಸರನ್ನೂ ಬರೆದಿದ್ದರು. ನನಗೆ ಆ ಹನ್ನೊಂದೇ ಹೆಚ್ಚು ಎನಿಸಿತು.

ಮನೆಯಲ್ಲೇ ಶುರುಮಾಡಿ

ವಿದ್ಯಾರ್ಥಿಗಳೇ, ಇದಕ್ಕೆ ದುರ್ಗಕ್ಕೇ ಬರಬೇಕೆಂದಿಲ್ಲ. ನಿಮ್ಮ ಊರಿನ ಕೆರೆ ಏರಿ, ತೋಟದ ಬೇಲಿ, ಶಾಲೆಯ ಹಿಂದಿನ ಮೂಲೆ ಸಾಕು. ಒಂದು ನೋಟ್‌ಬುಕ್ಕಿನಲ್ಲಿ ಐದು ಕಲಂ ಹಾಕಿ: ದಿನಾಂಕ, ಹೊತ್ತು, ಜಾಗ, ಗಿಡ, ಚಿಟ್ಟೆ ಏನು ಮಾಡುತ್ತಿತ್ತು. ಹೆಸರು ಗೊತ್ತಾಗದಿದ್ದರೆ ಚಿತ್ರ ಬರೆಯಿರಿ, ಅಥವಾ ಮನೆಯವರ ಫೋನಿನಲ್ಲಿ ಒಂದು ಫೋಟೊ ತೆಗೆಯಿರಿ. ಹೆಸರನ್ನು ಆಮೇಲೆ ಹುಡುಕಬಹುದು. ಹುಳು ಕಂಡರೆ ಅದು ಇದ್ದ ಗಿಡದಲ್ಲೇ ಬಿಟ್ಟು ದಿನವೂ ನೋಡಿ. ಪ್ಲೇನ್ ಟೈಗರ್ ಆದರೆ ಮೊಟ್ಟೆಯಿಂದ ಚಿಟ್ಟೆಯವರೆಗೆ ಸುಮಾರು ಮೂರು ನಾಲ್ಕು ವಾರ.

ಪೋಷಕರಿಗೆ ನನ್ನ ವಿನಂತಿ ಇನ್ನೂ ಸಣ್ಣದು. ಮನೆಯ ಸುತ್ತ ಎಲ್ಲ ಕಡೆ ಸಿಮೆಂಟು ಹಾಕಿಸಬೇಡಿ. ಒಂದು ಮೂಲೆಯನ್ನು ಬಿಟ್ಟುಬಿಡಿ. ಕರಿಬೇವು, ನಿಂಬೆ ಇದ್ದರೆ ಅದರ ಹುಳುವಿಗೂ ಒಂದು ಪಾಲಿರಲಿ. ಸೀತಾಫಲ, ಕಕ್ಕೆ, ಹೊಂಗೆ, ಹರಳು ಇವೆಲ್ಲ ಒಂದಲ್ಲ ಒಂದು ಚಿಟ್ಟೆಯ ತೊಟ್ಟಿಲುಗಳೇ. ಮುಟ್ಟಿದರೆ ತುರಿಸುವ ಕೂದಲಿನ ಕಂಬಳಿಹುಳುಗಳಿಗೆ ಮಕ್ಕಳು ಹೆದರುತ್ತಾರೆ. ಅವುಗಳಲ್ಲಿ ಹೆಚ್ಚಿನವು ಪತಂಗಗಳ ಹುಳುಗಳು. ಯಾವುದನ್ನೂ ಕೈಯಲ್ಲಿ ಮುಟ್ಟದೆ ಕಣ್ಣಲ್ಲಿ ನೋಡುವ ಅಭ್ಯಾಸ ಮಾಡಿಸಿದರೆ ಆ ಭಯವೂ ಇಲ್ಲ. ಬನ್ನೇರುಘಟ್ಟದಲ್ಲಿ 2006ರಲ್ಲಿ ಆರಂಭವಾದ ಚಿಟ್ಟೆ ಉದ್ಯಾನಕ್ಕೆ ಮಕ್ಕಳನ್ನು ಖಂಡಿತ ಕರೆದುಕೊಂಡು ಹೋಗಿ. ಅಲ್ಲಿ ಚಿಟ್ಟೆಗಳ ಜೊತೆಗೆ ಗಿಡಗಳನ್ನೂ ನೋಡಿ ಬನ್ನಿ.

ಮಾರ್ಕ್ಸ್ ಎಷ್ಟು ಬರುತ್ತೆ ಎಂದು ಕೇಳಿದ ಆ ತಂದೆ ಹದಿನೈದು ದಿನದ ಮೇಲೆ ಸಂತೆಯಲ್ಲಿ ಸಿಕ್ಕರು. "ಮೇಷ್ಟ್ರೇ, ಕರಿಬೇವಿಗೆ ಮತ್ತೆ ಬಂದವೆ, ಆರು" ಎಂದರು. ಔಷಧಿ ಹೊಡೆದಿರಾ ಎಂದು ನಾನು ಕೇಳಲಿಲ್ಲ. ಆರು ಎಂದು ಎಣಿಸಿದ್ದಾರಲ್ಲ, ಸಾಕು ಎನಿಸಿತು.

ನಮ್ಮ ಶಾಲೆಯ ಮೂಲೆಯಲ್ಲಿ ಕಡಿದಿದ್ದ ಎಕ್ಕ ಬುಡದಿಂದಲೇ ಚಿಗುರಿ ಈಗ ಮಂಡಿಯುದ್ದ ಆಗಿದೆ. ಈ ಸಲದ ವಾರ್ಷಿಕೋತ್ಸವಕ್ಕೆ ಆ ಮೂಲೆಯನ್ನು ಮುಟ್ಟುವುದು ಬೇಡ ಎಂದು ಮುಖ್ಯೋಪಾಧ್ಯಾಯರನ್ನು ಕೇಳಿಕೊಂಡಿದ್ದೇನೆ. ಅವರು ಒಪ್ಪಿದ್ದಾರೆ, ಬಂದ ಅತಿಥಿಗಳಿಗೆ ಅದು ಯಾಕೆ ಹಾಗಿದೆ ಎಂದು ನಾನೇ ವಿವರಿಸಬೇಕು ಎಂಬ ಷರತ್ತಿನ ಮೇಲೆ. ಚಿಟ್ಟೆಯ ಜೀವನಚಕ್ರದ ಪಾಠ ಬಂದಾಗ ಈಗ ಹಲಗೆಯ ಮೇಲೆ ಮೊದಲು ಒಂದು ಎಲೆ ಬರೆಯುತ್ತೇನೆ. ಆಮೇಲೆ ಅದರ ಮೇಲೆ ಮೊಟ್ಟೆ.